ಹದಿಮೂರು ಮರಿ, ಒಂದು ಬಲ್ಬು

ಎಣಿಸಿ ಹದಿಮೂರೇ ತಂದಿದ್ದೆ. ಕೋಳಿಯ ವಿಷಯದಲ್ಲಿ ಬೆಸ ಸಂಖ್ಯೆ ಇರಬೇಕು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಿತ್ತು. ರಟ್ಟಿನ ಪೆಟ್ಟಿಗೆಯ ಬಾಯಿ ಬಿಡಿಸಿ ಅವಳ ಮುಂದೆ ಹಿಡಿದು, "ಹದಿಮೂರು ಉಂಟು" ಎಂದೆ. ಎಂಬತ್ತಮೂರರ ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಬೆಸ ಬೇಕಾದ್ದು ಮೊಟ್ಟೆಗೆ ಮಾರಾಯ್ತಿ, ಮರಿಗಲ್ಲ. ತಾಯಿ ಎಲ್ಲಿ?"

ತಾಯಿ ಇರಲಿಲ್ಲ. ಅದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಾದದ್ದು ಕತ್ತಲಾದ ಮೇಲೆ.

2020ರ ಮಾರ್ಚ್ 20, ಶುಕ್ರವಾರ. ಶಾಲೆ ಮುಚ್ಚಿದ್ದರು. ನಾನು ಟೀಚರು, ಮನೆಯಲ್ಲೇ ಇದ್ದೆ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಗಾಳಿಮಾತಿಗೆ ಆ ತಿಂಗಳು ಕೋಳಿ ವ್ಯಾಪಾರ ನೆಲಕಚ್ಚಿತ್ತು. ಗೋಕಾಕದ ಕಡೆ ಸಾಕಣೆಗಾರರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಸುರಿದು ಹೂತ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ನಮ್ಮ ಎದುರಿನ ಗೋಡೌನಿನ ಹಮಾಲಿಯೊಬ್ಬರ ತಮ್ಮ ಕೋಳಿಮರಿ ಸಾಗಿಸುವ ಟೆಂಪೊ ಓಡಿಸುವವನು. ಮರಿ ಇಳಿಸಿಕೊಳ್ಳಬೇಕಿದ್ದ ಫಾರ್ಮಿನವರು ಬಾಗಿಲಲ್ಲೇ ಬೇಡವೆಂದರಂತೆ. ಅವನು ಅಣ್ಣನನ್ನು ಹುಡುಕಿಕೊಂಡು ಓಣಿಗೆ ಬಂದು, ಬೇಕಾದವರು ತೆಗೆದುಕೊಳ್ಳಿ ಎಂದ. ಸುತ್ತ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಒಳಗೆ ನಾಲ್ಕು ಖಾನೆ, ಖಾನೆಗೆ ಇಪ್ಪತ್ತೈದು ಹಳದಿ ಮರಿ. ಹಿಂದಿನ ದಿನವಷ್ಟೇ ಮೊಟ್ಟೆಯೊಡೆದು ಬಂದಂಥವು. ಸಿಗುವುದು ಬಿಟ್ಟಿ ಎಂದಾಗ ನಮ್ಮ ಮಂಗಳೂರಿನ ಹಳೇ ಬಂದರಿನಲ್ಲಿ ಯಾರೂ ಹಿಂದೆ ನೋಡುವುದಿಲ್ಲ. ನಾನೂ ಸೀರೆ ಸೆರಗು ಸಿಕ್ಕಿಸಿ ಎಣಿಸಿಕೊಂಡೆ.

ನನಗೆ ಧೈರ್ಯವೂ ಇತ್ತು. ಮೂವತ್ತು ವರ್ಷ ಏಳನೆಯ ತರಗತಿಯ ಕರಿಹಲಗೆಯ ಮೇಲೆ ಮೊಟ್ಟೆಯ ಅಡ್ಡಸೀಳು ಬಿಡಿಸಿದ್ದೇನೆ. ಚಿಪ್ಪು, ಗಾಳಿಕೋಶ, ಬಿಳಿಲೋಳೆ, ಹಳದಿ, ಇಪ್ಪತ್ತೊಂದು ದಿನ. ಅಲ್ಲದೆ ನಾನು ಕೋಳಿ ಸಾಕಿದ ಮನೆಯಲ್ಲೇ ಬೆಳೆದವಳು. ಪೇಟೆಯ ನಡುವೆ ಇದ್ದರೂ ನಾವು ವರ್ಷವರ್ಷ ಮರಿ ಮಾಡಿಸುತ್ತಿದ್ದೆವು ಎಂದು ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡವಳು.

ಏಳು ಗಂಟೆಯ ಹೊತ್ತಿಗೆ ಮರಿಗಳ ಸ್ವರ ಬದಲಾಯಿತು. ಹಗಲು ಚಿಲಿಪಿಲಿ ಎನ್ನುತ್ತಿದ್ದವು, ಈಗ ಒಂದೇ ಸಮ ಚೀಂ, ಚೀಂ ಎಂದು ತಾರಕಕ್ಕೆ ಹೋದವು. ಬಲ್ಬು ಹಾಕಬೇಕು ಎಂದು ಗೊತ್ತಿತ್ತು. ಟೇಬಲ್ ಲ್ಯಾಂಪನ್ನು ಪೆಟ್ಟಿಗೆಯ ಅಂಚಿಗೆ ಕಟ್ಟಿ ಸ್ವಿಚ್ ಹಾಕಿದೆ. ಮರಿಗಳೆಲ್ಲ ಓಡಿ ಬಂದು ಬಲ್ಬಿನ ಅಡಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡವು. ಕೂಗು ಮಾತ್ರ ನಿಲ್ಲಲಿಲ್ಲ. ಅಮ್ಮ ಕೈಯನ್ನು ಬಲ್ಬಿನ ಹತ್ತಿರ ಹಿಡಿದಳು, ಮುಟ್ಟಿದಳು, ಹಿಡಿದುಕೊಂಡೇ ನಿಂತಳು. "ಬೆಳಕುಂಟು, ಬಿಸಿ ಇಲ್ಲ."

ಒಂಬತ್ತು ವ್ಯಾಟಿನ ಎಲ್‌ಇಡಿ. ಮನೆಯ ಎಲ್ಲ ಬಲ್ಬುಗಳೂ ಅವೇ. ಹಳೆಯ ತಂತಿಯ ಬಲ್ಬು ತಾನು ಕುಡಿದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚನ್ನು ಬರೀ ಬಿಸಿ ಮಾಡಿ ಕಳೆಯುತ್ತದೆ, ಅದು ದಂಡ, ಎಂದು ಮಕ್ಕಳಿಗೆ ಪಾಠ ಮಾಡಿ ಭಾಷಣಸ್ಪರ್ಧೆಗೆ ಬರೆದುಕೊಟ್ಟವಳೂ ನಾನೇ. ಆ ರಾತ್ರಿ ಆ ದಂಡಕ್ಕಾಗಿ ಮನೆಯೆಲ್ಲ ತಡಕಾಡಿದೆ. ದೇವರ ಕೋಣೆಯ ಜೀರೋ ಬಲ್ಬನ್ನೂ ಬಿಚ್ಚಿ ನೋಡಿದೆ. ಅದೂ ಎಲ್‌ಇಡಿ, ಕೆಂಪು ಬಣ್ಣದ್ದು. ಕೊನೆಗೆ ಬಾಟಲಿಗೆ ಬಿಸಿನೀರು ತುಂಬಿ ಹಳೆ ಲುಂಗಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮಲಗಿದೆ. ಬೆಳಗ್ಗೆ ಹನ್ನೆರಡು ಮರಿ ಬಾಟಲಿಗೆ ಒರಗಿದ್ದವು. ಬಾಟಲಿ ತಣ್ಣಗಿತ್ತು. ಒಂದು ಮರಿ ಉಳಿದವುಗಳ ಕಾಲಡಿಯಲ್ಲಿ ಚಪ್ಪಟೆಯಾಗಿ ಬಿದ್ದಿತ್ತು.

ಮಾರ್ಚ್ ತಿಂಗಳ ಮಂಗಳೂರಿನಲ್ಲಿ ಮರಿ ಚಳಿಗೆ ಸಾಯುತ್ತದೆ ಎಂದರೆ ನಗಬೇಡಿ. ನಾವು ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುವ ರಾತ್ರಿಯೂ ಗಾಳಿ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೊದಲ ವಾರದ ಮರಿಗೆ ಬೇಕಾದ್ದು ಮೂವತ್ತೈದು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಿಕೊಂಡು ಹೋಗಬೇಕು. ಹೆಂಟೆಯ ಮೈ ನಲವತ್ತೊಂದರ ಹತ್ತಿರ ಇರುತ್ತದೆ. ಅದರ ರೆಕ್ಕೆಯ ಅಡಿಗೆ ಹೊಕ್ಕರೆ ಬೇಕಾದಷ್ಟು ಬಿಸಿ, ಸೆಕೆಯಾದರೆ ತಲೆ ಹೊರಗೆ ಹಾಕಿದರಾಯಿತು. ಥರ್ಮಾಮೀಟರ್ ಇಲ್ಲ, ರೆಗ್ಯುಲೇಟರ್ ಇಲ್ಲ.

ಮರುದಿನ ನಮ್ಮ ಮನೆಯ ಮುಂದಿನ ಕೋಣೆಗಳನ್ನು ಬಾಡಿಗೆಗೆ ಹಿಡಿದಿರುವ ನೀರುಳ್ಳಿ ವ್ಯಾಪಾರಿಯನ್ನು ಕೇಳಿದೆ. ಅವರ ಗೋಡೌನಿನ ಸಂಡಾಸಿನಲ್ಲಿ ಯಾವ ಕಾಲದ್ದೋ ಅರವತ್ತು ವ್ಯಾಟಿನ ಬಲ್ಬೊಂದು ಜೇಡರ ಬಲೆಯ ನಡುವೆ ಇನ್ನೂ ಉರಿಯುತ್ತಿತ್ತು. "ಕೆಲಸ ಮುಗಿದ ಮೇಲೆ ವಾಪಸು ಕೊಡಿ ಟೀಚರೇ" ಎಂದು ಹೇಳಿಯೇ ಬಿಚ್ಚಿಕೊಟ್ಟರು. ಆ ಬಲ್ಬು ಹೊತ್ತಿಸಿದ ಐದು ನಿಮಿಷದಲ್ಲಿ ಮರಿಗಳ ಕೂಗು ನಿಂತಿತು. ಅಷ್ಟು ಬೇಗ ನಿಲ್ಲುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂದೊಂದಾಗಿ ಕಾಲು ಚಾಚಿ, ಕತ್ತು ನೆಲಕ್ಕೆ ಹಾಕಿ, ಸತ್ತಂತೆ ಮಲಗಿದವು. ಗಾಬರಿಯಾಗಿ ಒಂದನ್ನು ಬೆರಳಿನಿಂದ ತಿವಿದೆ. ಅದು ಕಣ್ಣು ಅರ್ಧ ತೆರೆದು, ಮುಚ್ಚಿ, ಮತ್ತೆ ಮಲಗಿತು.

ಇನ್ನು ನಾವು ಕೋಳಿ ಸಾಕಿದ ಕತೆ.

ನಮ್ಮ ಮನೆ ಅಝೀಝುದ್ದೀನ್ ರಸ್ತೆಯಿಂದ ಒಳಕ್ಕೆ ಹೋಗುವ ಓಣಿಯೊಂದರಲ್ಲಿ. ಅಪ್ಪ ಸಗಟು ಅಕ್ಕಿ ಅಂಗಡಿಯಲ್ಲಿ ರೈಟರು. 1970ರ ಸುಮಾರಿಗೆ ಈ ಓಣಿಯಲ್ಲಿ ಹಂಚಿನ ಮನೆಗಳೂ ಗೋಡೌನುಗಳೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. ಗೋಡೆಯಾಚೆ ಒಣಮೀನು, ಈಚೆ ಕೊಬ್ಬರಿ, ಎದುರಿಗೆ ಮೆಣಸು. ಕೈಗಾಡಿ, ಎತ್ತಿನ ಗಾಡಿ, ಗೋಣಿ ಹೊತ್ತ ಹಮಾಲಿಗಳು. ಎಲ್ಲೆಲ್ಲೂ ಏನಾದರೊಂದು ಕಾಳು ಚೆಲ್ಲಿರುತ್ತಿತ್ತು. ಕೋಳಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲ. ಬೆಳಗ್ಗೆ ಝೀನತ್ ಬಕ್ಷ್ ಮಸೀದಿಯ ಸುಬ್‌ಹಿ ಬಾಂಗ್ ಆದ ಮೇಲೆ ಅಮ್ಮ ಗೂಡಿನ ಹಲಗೆ ಸರಿಸಿದರೆ ಕೋಳಿಗಳು ನೇರ ಬೀದಿಗೆ ಇಳಿಯುತ್ತಿದ್ದವು, ಅಂಗಡಿ ತೆರೆಯುವವರಿಗಿಂತ ಮೊದಲು. ಸಂಜೆ ಅಪ್ಪ ಅಂಗಡಿ ಗುಡಿಸಿದ ಅಕ್ಕಿಯನ್ನು ಕಾಗದದ ಪೊಟ್ಟಣದಲ್ಲಿ ತರುತ್ತಿದ್ದರು. ಅದರಲ್ಲಿ ಅರ್ಧ ಕಲ್ಲು, ಅರ್ಧ ನುಚ್ಚು.

ಮೊಟ್ಟೆ ಇಡುವುದನ್ನು ನಿಲ್ಲಿಸಿ ಹೆಂಟೆ ಗೂಡಿನಲ್ಲೇ ಕೂತು, ಕೈಯಿಟ್ಟರೆ ಮೈಯುಬ್ಬಿಸಿ ಕುಕ್ಕಲು ಬಂತೆಂದರೆ ಕಾವಿಗೆ ಬಂತು ಎಂದು ಲೆಕ್ಕ. ಅಮ್ಮ ಒಂದು ಮುರಿದ ಬುಟ್ಟಿಗೆ ಹೊಯಿಗೆ ತುಂಬಿ, ಮೇಲೆ ಬೈಹುಲ್ಲು ಹರಡಿ, ಹನ್ನೊಂದು ಮೊಟ್ಟೆ ಇಡುತ್ತಿದ್ದಳು. ಮೊಟ್ಟೆಗಳ ನಡುವೆ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು, ಒಂದು ಒಣಮೆಣಸು. ಗುಡುಗಿಗೆ ಮೊಟ್ಟೆ ಕಲ್ಲಾಗಬಾರದು ಎಂದು. ವಾರ ಕಳೆದ ಮೇಲೆ ಮಧ್ಯಾಹ್ನ ಬಾಗಿಲು ಮುಚ್ಚಿ, ಕಿಟಕಿಯ ಸಂದಿಯಿಂದ ಬರುವ ಬಿಸಿಲಿಗೆ ಒಂದೊಂದು ಮೊಟ್ಟೆ ಹಿಡಿದು ನೋಡುತ್ತಿದ್ದಳು. ಒಳಗೆ ಕೆಂಪು ನರ ಹರಡಿದ್ದರೆ ಬುಟ್ಟಿಗೆ, ಖಾಲಿ ಬೆಳಕು ಕಂಡರೆ ಪಕ್ಕಕ್ಕೆ. ಆಟಿ ತಿಂಗಳ ಮಳೆಯಲ್ಲಿ ಮಾತ್ರ ಎಷ್ಟೇ ಹಟ ಮಾಡಿದರೂ ಕೂರಿಸುತ್ತಿರಲಿಲ್ಲ. ಗೂಡಿಗೆ ನೀರು ಎರಚುತ್ತದೆ, ಮರಿ ಒಣಗುವುದಿಲ್ಲ. ಮಳೆಗಾಲದಲ್ಲಿ ಲಕ್ಷದ್ವೀಪದ ಮಂಜಿ ಹಡಗುಗಳೂ ದಕ್ಷಿಣ ದಕ್ಕೆಯಲ್ಲಿ ಹಗ್ಗ ಕಟ್ಟಿ ಕೂತಿರುತ್ತಿದ್ದವು, ಬೀದಿಯಲ್ಲಿ ಚೆಲ್ಲಿದ ಕಾಳೂ ಕಡಿಮೆ.

ಇಪ್ಪತ್ತೊಂದನೆಯ ದಿನ ನಾವು ಮಕ್ಕಳು ಬುಟ್ಟಿಯ ಸುತ್ತ ಕುಕ್ಕರುಗಾಲಲ್ಲಿ. ಚಿಪ್ಪಿನೊಳಗಿನಿಂದ ಸಣ್ಣ ಕೂಗು, ಆಮೇಲೆ ಒಂದು ಸೀಳು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಕೈ ಹಾಕಿ ಚಿಪ್ಪು ಸುಲಿಯಲು ಹೋಗಿ ಅಮ್ಮನಿಂದ ಏಟು ತಿಂದಿದ್ದೇನೆ. ಹೊರಬಂದ ಮರಿ ಒದ್ದೆ ಹಗ್ಗದ ತುಂಡಿನಂತೆ ಇರುತ್ತಿತ್ತು. ಹೆಂಟೆ ಅದನ್ನು ಹೊಟ್ಟೆಯಡಿಗೆ ಎಳೆದುಕೊಂಡು ಮತ್ತೂ ಒಂದೆರಡು ದಿನ ಏಳುತ್ತಿರಲಿಲ್ಲ. ಮರಿಗೆ ಹಸಿವಾಗುವುದಿಲ್ಲವೇ ಎಂದರೆ, ಹೊಟ್ಟೆಯಲ್ಲಿ ಬುತ್ತಿ ಉಂಟು ಎನ್ನುತ್ತಿದ್ದಳು ಅಮ್ಮ. ಅದು ಬರೀ ಮಾತಲ್ಲ. ಹೊರಬರುವ ಸ್ವಲ್ಪ ಮೊದಲು ಮರಿ ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು-ಮೂರು ದಿನ ನೀರು-ಕಾಳು ಇಲ್ಲದೆ ಇರಬಲ್ಲದು. ಹಿಂದುಮುಂದಾಗಿ ಒಡೆಯುವ ಮೊಟ್ಟೆಗಳಿಗೆಲ್ಲ ಹೆಂಟೆ ಕಾಯಲಿ ಎಂದು ಇರುವ ಏರ್ಪಾಡು. ಅದೇ ಏರ್ಪಾಡಿನ ಮೇಲೆ ಇಂದಿನ ಕೋಳಿ ಉದ್ಯಮ ನಿಂತಿದೆ. ಅಮೆರಿಕದ ಅಂಚೆ ಇಲಾಖೆ 1918ರಿಂದಲೇ ಒಂದು ದಿನದ ಮರಿಗಳನ್ನು ಪಾರ್ಸೆಲ್ಲಿನಲ್ಲಿ ಸಾಗಿಸುತ್ತಿದೆ. ನಮ್ಮ ಓಣಿಗೆ ಬಂದ ಟೆಂಪೊದ ಮರಿಗಳೂ ಆ ಬುತ್ತಿಯ ಮೇಲೆಯೇ ಬದುಕಿದ್ದವು.

ಮರಿಗಳು ಅಂಗಳಕ್ಕೆ ಇಳಿದ ಮೇಲೆ ಎಲ್ಲವೂ ಹೆಂಟೆಯದೇ. ದಕ್ಕೆಯಲ್ಲಿ ಮೀನು ಇಳಿಯುವ ಊರಿದು, ತಲೆಯ ಮೇಲೆ ಹದ್ದು-ಗರುಡ ಯಾವಾಗಲೂ ಸುತ್ತುತ್ತಿರುತ್ತವೆ. ನೆರಳು ಹಾದರೆ ಹೆಂಟೆ ಒಂದು ಕರ್ಕಶ ಸ್ವರ ಹೊರಡಿಸುತ್ತಿತ್ತು, ಮರಿಗಳು ಕ್ಷಣದಲ್ಲಿ ಮಾಯ. ಕಾಳು ಕಂಡರೆ ಬೇರೆ ಸ್ವರ. ಅಷ್ಟು ಮಾಡಿದರೂ ಒಂಬತ್ತು ಮರಿಯಲ್ಲಿ ತಿಂಗಳು ತುಂಬುವಾಗ ನಾಲ್ಕು ಉಳಿದರೆ ಒಳ್ಳೆಯ ವರ್ಷ. ಕಾಗೆಗೊಂದು, ಹದ್ದಿಗೊಂದು, ಗೋಡೌನಿನ ಹೆಗ್ಗಣಕ್ಕೆರಡು, ಕೈಗಾಡಿಯ ಚಕ್ರಕ್ಕೊಂದು. ಯಾರೂ ಅಳುತ್ತಿರಲಿಲ್ಲ. ಸಂಜೆ ಬುಟ್ಟಿ ಕವುಚುವಾಗ ಎಣಿಸಿ ಹೇಳುವುದು ನನ್ನ ಕೆಲಸ. "ಆರು" ಎಂದರೆ, "ನಿನ್ನೆ ಏಳಲ್ಲವಾ" ಎಂದು ಅಮ್ಮ ಮೇಲೆ ನೋಡಿ, ಹದ್ದಿಗೆ ಎರಡು ಬೈಗುಳ ಕೊಟ್ಟು ಒಳಗೆ ಹೋಗುತ್ತಿದ್ದಳು.

ಬುದ್ಧಿ ಬಂದಂದಿನಿಂದ ನಾನು ಕೋಳಿಗೆ ಮಾಡಿದ್ದು ಆ ಎಣಿಕೆ ಒಂದೇ.

ನಾಲ್ಕನೆಯ ದಿನದ ತಪ್ಪು ದೊಡ್ಡದು. ಅಷ್ಟರಲ್ಲಿ ಜನತಾ ಕರ್ಫ್ಯೂ ಮುಗಿದಿತ್ತು, ಪೇಟೆ ಬಹುಪಾಲು ಮುಚ್ಚಿತ್ತು. ಮರಿಗೆಂದೇ ಬರುವ ಫೀಡು ಎಲ್ಲಿಯೂ ಸಿಗಲಿಲ್ಲ. ಬೆಲ್ಲದ ನೀರು, ಪುಡಿ ಮಾಡಿದ ಕುಚ್ಚಲಕ್ಕಿ ನುಚ್ಚು, ರಾಗಿ ಕೊಟ್ಟು ನಡೆಯುತ್ತಿತ್ತು. ಬೆಂಗಳೂರಿನಲ್ಲಿರುವ ಮಗಳು ಫೋನು ಮಾಡಿ, "ಅಮ್ಮಾ, ಪ್ರೋಟೀನ್ ಬೇಕು, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ" ಎಂದು ಎರಡು ವಿಡಿಯೊ ಕಳಿಸಿದಳು. ಬೇಯಿಸಿದ ಮೊಟ್ಟೆಯ ಹಳದಿ ಕೊಡಿ ಎಂದಿತ್ತು ಒಂದರಲ್ಲಿ. ಮೊಟ್ಟೆಯಿಂದ ಬಂದದ್ದಕ್ಕೆ ಮೊಟ್ಟೆ ತಿನ್ನಿಸುವುದು ನನಗೆ ಸರಿಕಾಣಲಿಲ್ಲ. ಆಗ ನೆನಪಾಯಿತು, ಅಮ್ಮ ಮರಿಗಳಿಗೆ ಒಣಮೀನಿನ ತಲೆ ಜಜ್ಜಿ ಹಾಕುತ್ತಿದ್ದಳು. ಒಳಕಲ್ಲಿನ ಪಕ್ಕ ಕೂತು, ಸುತ್ತ ಕೋಳಿಗಳು ಮುಗಿಬಿದ್ದ ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು. ಮನೆಯಲ್ಲಿ ಒಣ ಬಂಗುಡೆ ಇತ್ತು. ನಾಲ್ಕು ತಲೆ ಮಿಕ್ಸಿಗೆ ಹಾಕಿ ಪುಡಿ ಮಾಡಿ ನುಚ್ಚಿನ ಜೊತೆ ಕಲೆಸಿದೆ. ಮರಿಗಳು ಬಹಳ ಖುಷಿಯಿಂದ ತಿಂದವು.

ಆಮೇಲೆ ನೀರು ಕುಡಿದವು. ಕುಡಿದೇ ಕುಡಿದವು. ತಟ್ಟೆ ಮೂರು ಸಲ ತುಂಬಿಸಿದೆ. ರಾತ್ರಿಯ ಹೊತ್ತಿಗೆ ಎರಡು ಮರಿಗಳ ಹೊಟ್ಟೆ ಊದಿ, ಹಿಂಭಾಗ ನೀರುನೀರಾಗಿ, ಬಾಯಿ ತೆರೆದು ಉಸಿರೆಳೆಯತೊಡಗಿದವು. ಬೆಳಗಾಗುವಾಗ ಅವೆರಡೂ ಇರಲಿಲ್ಲ. ಉಪ್ಪು. ಹಕ್ಕಿಮರಿಗಳ ಸಣ್ಣ ಮೂತ್ರಪಿಂಡಕ್ಕೆ ಅಷ್ಟು ಉಪ್ಪನ್ನು ಹೊರಹಾಕುವ ಶಕ್ತಿ ಇರುವುದಿಲ್ಲ. ಇದನ್ನು ಆಮೇಲೆ ಓದಿದೆ.

ಅಮ್ಮನಿಗೆ ಹೇಳಿದೆ. "ತೊಳೆಯಲಿಲ್ಲವಾ?" ಎಂದಳು.

"ಏನು ತೊಳೆಯುವುದು?"

"ಒಣಮೀನು. ನಾನು ಹಿಂದಿನ ರಾತ್ರಿಯೇ ನೀರಿಗೆ ಹಾಕಿಡುತ್ತಿದ್ದೆ. ಬೆಳಗ್ಗೆ ಆ ನೀರು ಚೆಲ್ಲಿ, ಇನ್ನೆರಡು ನೀರಿನಲ್ಲಿ ತೊಳೆದು, ಬಿಸಿಲಿಗೆ ಇಟ್ಟು, ಮತ್ತೆ ಜಜ್ಜುವುದು. ಅದೂ ದೊಡ್ಡ ಕೋಳಿಗೆ. ಮರಿಗೆ ಹದಿನೈದು ದಿನ ಕೊಡುತ್ತಿರಲಿಲ್ಲ."

ನಾನು ನೋಡಿದ್ದು ಜಜ್ಜುವುದನ್ನು ಮಾತ್ರ. ತೊಳೆಯುವಾಗ ನಾನು ಶಾಲೆಯಲ್ಲಿರುತ್ತಿದ್ದೆ, ಅಥವಾ ಮಲಗಿರುತ್ತಿದ್ದೆ. ಅಂದಿನಿಂದ ಏನು ಕೊಡುವ ಮೊದಲೂ ಅವಳನ್ನು ಕೇಳುವುದೆಂದು ತೀರ್ಮಾನಿಸಿದೆ. ಅವಳಿಗೆ ಅದರಿಂದ ಖುಷಿಯೇನೂ ಆಗಲಿಲ್ಲ. ಸೀರಿಯಲ್ಲಿನ ನಡುವೆ ಕರೆದರೆ ಸಿಟ್ಟು ಬರುತ್ತಿತ್ತು.

ಕೇಳಿದಾಗ ಒಂದೊಂದೇ ಹೊರಬಂತು. ಕಾಗದ ಹಾಸಬೇಡ, ಜಾರಿ ಕಾಲು ಅಗಲವಾಗುತ್ತದೆ, ಉಮಿ ಹಾಕು. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ತುಂಬು, ಇಲ್ಲದಿದ್ದರೆ ಮೈ ಒದ್ದೆ ಮಾಡಿಕೊಳ್ಳುತ್ತವೆ. ಹಿಂಭಾಗಕ್ಕೆ ಹಿಕ್ಕೆ ಅಂಟಿಕೊಂಡಿದ್ದರೆ ಬಿಸಿನೀರಿನ ಬಟ್ಟೆಯಿಂದ ಒರೆಸು, ಎಳೆಯಬೇಡ. ಒಂದು ವರ್ಷ ಕೋಳಿ ಕಾವಿನ ನಡುವೆ ಸತ್ತು, ಮರಿಗಳನ್ನು ಬಚ್ಚಲ ಹಂಡೆಯ ಒಲೆಯ ಪಕ್ಕ ಬೂದಿಯ ಬುಟ್ಟಿಯಲ್ಲಿ ಸಾಕಿದ್ದಳಂತೆ, ರಾತ್ರಿ ಮೂರು ಸಲ ಎದ್ದು ಕೆಂಡ ಕೆದಕಿ. ಅದು ಯಾವ ವರ್ಷ ಎಂದು ಕೇಳಿದೆ. "ನೀನು ಒಂದನೇ ಕ್ಲಾಸು" ಎಂದಳು. ನನಗೆ ಅದರ ನೆನಪೇ ಇಲ್ಲ.

ನಡುವೆ ನಾನೂ ಒಂದು ವಿದ್ಯೆ ಕಲಿತೆ, ಮರಿಗಳನ್ನು ಮೇಲಿನಿಂದ ನೋಡಿ ಬಿಸಿ ಅಳೆಯುವುದು. ಶಾಲೆಯ ಲ್ಯಾಬಿನ ಥರ್ಮಾಮೀಟರ್ ತಂದಿದ್ದೆ, ಎರಡು ದಿನದ ನಂತರ ಅದು ಬೇಕಾಗಲಿಲ್ಲ. ಬಲ್ಬಿನಡಿ ಗುಪ್ಪೆಯಾದರೆ ಚಳಿ. ಗೋಡೆಗೆ ಒರಗಿ, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದರೆ ಸೆಕೆ. ಎಲ್ಲ ಒಂದೇ ಮೂಲೆಗೆ ಸರಿದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಚೆಲ್ಲಾಪಿಲ್ಲಿಯಾಗಿ ಬಿದ್ದುಕೊಂಡಿದ್ದರೆ ನಾವೂ ಮಲಗಬಹುದು. ಬಲ್ಬನ್ನು ದಾರದಲ್ಲಿ ಕಟ್ಟಿ ಒಂದು ಗೇಣು ಮೇಲೆ, ಎರಡು ಬೆರಳು ಕೆಳಗೆ ಮಾಡುತ್ತ ಏಪ್ರಿಲ್ ತಿಂಗಳು ಬಂತು.

ಏಪ್ರಿಲಿನಲ್ಲಿ ಒಂದು ಸಂಜೆ ಪಶ್ಚಿಮದಲ್ಲಿ ಕಪ್ಪಾಗಿ ಗುಡುಗಿತು. ಮೊದಲ ಗುಡುಗಿಗೆ ಕರೆಂಟು ಹೋಯಿತು. ಮೂರು ತಾಸು ಬರಲಿಲ್ಲ. ಗುಡುಗಿಗೆ ಮೊಟ್ಟೆ ಕಲ್ಲಾಗುವುದು ಮೂಢನಂಬಿಕೆ ಎಂದು ಹುಡುಗಿಯಾಗಿದ್ದಾಗ ಅಮ್ಮನ ಜೊತೆ ವಾದ ಮಾಡಿದ್ದೆ, ಮೊಳೆ ತೆಗೆದು ಬಿಸಾಡಿಯೂ ಇದ್ದೆ. ಆ ರಾತ್ರಿ ಬಿಸಿನೀರಿನ ತಂಬಿಗೆಗೆ ಸೀರೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತ ಕೂತವಳಿಗೆ ಅಮ್ಮ ಮಂಚದ ಮೇಲಿನಿಂದ, "ಮೊಳೆ ಇಟ್ಟಿದ್ದರೆ ಆಗುತ್ತಿತ್ತು" ಎಂದಳು. ಅವಳಿಗೆ ಹೀಗೆ ತಮಾಷೆ ಮಾಡುವ ಅಭ್ಯಾಸವಿತ್ತು, ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ.

ಒಂಬತ್ತನೆಯ ರಾತ್ರಿಯೇ ಹೆಗ್ಗಣ ಒಂದು ಮರಿ ಒಯ್ದಿತ್ತು. ಪೆಟ್ಟಿಗೆಯ ಮೂಲೆ ಕಡಿದು, ಒಂದೇ ಒಂದು ಮರಿ, ಉಳಿದವನ್ನು ಮುಟ್ಟದೆ. ಓಣಿಯಲ್ಲಿ ಕಾಂಕ್ರೀಟ್ ಬಂದಿದೆ, ಎತ್ತಿನ ಗಾಡಿ ಹೋಗಿ ಲಾರಿ ಬಂದಿದೆ, ಪಕ್ಕದ ಮನೆಗಳು ಹೋಗಿ ಮೂರು ಮಾಳಿಗೆಯ ಗೋ‌ಡೌನು ಬಂದಿದೆ. ಹೆಗ್ಗಣಗಳು ಮಾತ್ರ ನಮ್ಮಂತೆ ಹಳೆಯ ಒಕ್ಕಲು. ಮರಿಗಳನ್ನು ಹಳೆಯ ಕಬ್ಬಿಣದ ಟ್ರಂಕಿಗೆ ಸ್ಥಳಾಂತರಿಸಿ, ಬಾಯಿಗೆ ಮೀನುಬಲೆ ಕಟ್ಟಿದೆ.

ಹಳೆಯ ಕೋಳಿಗಳ ಕತೆಗೆ ಮತ್ತೆ ಬಂದರೆ, 1975 ಎರಡು ಕಾರಣಕ್ಕೆ ನೆನಪಿದೆ. ಆ ಜನವರಿಯಲ್ಲಿ ಇಂದಿರಾ ಗಾಂಧಿ ಪಣಂಬೂರಿಗೆ ಬಂದು ಹೊಸ ಬಂದರನ್ನು ಉದ್ಘಾಟಿಸಿದ್ದರು. ಹಳೇ ಬಂದರು ಇನ್ನು ಮುಗಿಯಿತು, ಅಕ್ಕಿ ಅಂಗಡಿಗಳೆಲ್ಲ ಅತ್ತ ಹೋಗುತ್ತವೆ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅಂಗಡಿಗಳು ಹೋಗಲಿಲ್ಲ. ಆ ಬೇಸಿಗೆ ಕೋಳಿಗಳು ಹೋದವು. ಮೊದಲು ಓಣಿಯ ತುದಿಯ ಮನೆಯಲ್ಲಿ, ಆಮೇಲೆ ನಮ್ಮಲ್ಲಿ. ಹಸಿರು ಹಿಕ್ಕೆ, ಗೊರಗೊರ ಉಸಿರು, ಕತ್ತು ಹಿಂದಕ್ಕೆ ತಿರುಚಿಕೊಂಡು ಸುತ್ತುವುದು, ಬೀಳುವುದು. ಕೊಕ್ಕರೆ ರೋಗ. ಪಕ್ಕದ ಮನೆಯ ಉಮ್ಮ ಮೊದಲ ಕೋಳಿ ತೂಕಡಿಸಿದ್ದು ಕಂಡ ಕೂಡಲೇ ಉಳಿದ ಏಳನ್ನೂ ಅದೇ ದಿನ ಕೊಯ್ಯಿಸಿದರು. ಸತ್ತರೆ ತಿನ್ನುವಂತಿಲ್ಲ. ಓಣಿಗೆಲ್ಲ ಸಾರು ಹಂಚಿದರು. ಅಮ್ಮ ಕಾಯುತ್ತ ಕೂತಳು, ಬೆಳ್ಳುಳ್ಳಿ ಅರೆದು ಕುಡಿಸಿದಳು. ಒಂದು ವಾರದಲ್ಲಿ ಹದಿನಾಲ್ಕು ಕೋಳಿ, ಆರು ಮರಿ. ಅಪ್ಪನೂ ನಾನೂ ಗೋಣಿಯಲ್ಲಿ ಹಾಕಿ ಹೊಳೆಬದಿಯ ಹೊಯಿಗೆಯಲ್ಲಿ ಹೂತು ಬಂದೆವು. ಮಾರ್ನೆಮಿಗೆ ಕೋಳಿಯನ್ನು ದುಡ್ಡು ಕೊಟ್ಟು ತಂದದ್ದು ಅದೇ ಮೊದಲು. ಉಮ್ಮ ಮಾಡಿದ್ದೇ ಸರಿ ಎಂದು ಅಮ್ಮ ಈಗಲೂ ಹೇಳುತ್ತಾಳೆ.

1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಈ ರೋಗ ಮರುವರ್ಷ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಸಿಕ್ಕಿತು. ನಮ್ಮ ದೇಶದಲ್ಲಿ ಅದಕ್ಕೆ ಆ ಊರಿನದೇ ಹೆಸರು. ಮುಕ್ತೇಶ್ವರದಲ್ಲಿ 1940ರ ದಶಕದಲ್ಲೇ ಲಸಿಕೆಯೂ ಸಿದ್ಧವಾಗಿತ್ತು. ಬಂದರಿನ ಓಣಿಯಲ್ಲಿ ಕೋಳಿಗೆ ಲಸಿಕೆ ಎಂಬುದನ್ನು ಯಾರೂ ಕೇಳಿರಲಿಲ್ಲ. ಕೋಳಿಗೆ ಹಣ ಖರ್ಚು ಮಾಡುವುದು ಎಂದರೆ ನಗುತ್ತಿದ್ದರು.

ಈ ಸಲ ನಾನು ಲಸಿಕೆ ಬಿಡಲಿಲ್ಲ. ಎಂಟನೆಯ ದಿನ ಮುಖಕ್ಕೆ ಮಾಸ್ಕು ಕಟ್ಟಿ, ಕೈಯಲ್ಲಿ ಐಸ್ ತುಂಬಿದ ಫ್ಲಾಸ್ಕು ಹಿಡಿದು ಪ್ರಾಣಿಗಳ ಔಷಧಿ ಅಂಗಡಿಗೆ ನಡೆದು ಹೋದೆ. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ಎಲ್ಲಿಗೆ ಎಂದರು. ಕೋಳಿಮರಿಗೆ ಲಸಿಕೆ ಎಂದೆ. ಮನುಷ್ಯರಿಗೇ ಇಲ್ಲ, ಕೋಳಿಗೆ ಉಂಟಾ ಎಂದು ಬಿಟ್ಟರು. ಸೀಸೆ ಬೆರಳಿನಷ್ಟು ಸಣ್ಣದು, ಒಳಗೆ ನೂರು ಡೋಸು. ಅದಕ್ಕಿಂತ ಕಡಿಮೆಯದು ಇಲ್ಲ. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಯ ಕಣ್ಣಿಗೆ ಒಂದೊಂದು ಹನಿ. ಮರಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದರೆ ಹೆಬ್ಬೆರಳಿಗೆ ಅದರ ಎದೆಬಡಿತ ತಾಗುತ್ತದೆ, ಎಣಿಸಲಾಗದಷ್ಟು ವೇಗ. ಹನಿ ಕಣ್ಣಿಗೆ ಬಿದ್ದು, ರೆಪ್ಪೆ ಒಮ್ಮೆ ಬಡಿದು, ಹನಿ ಒಳಗೆ ಇಳಿಯುವವರೆಗೆ ಕಾಯಬೇಕು. ಹತ್ತು ಹನಿಗೆ ಇಪ್ಪತ್ತು ನಿಮಿಷ. ಉಳಿದ ತೊಂಬತ್ತು ಡೋಸನ್ನು ಕುದಿಯುವ ನೀರಿಗೆ ಸುರಿದು ಚೆಲ್ಲಿದೆ. ನಾಲ್ಕು ಕೋಳಿ ಸಾಕುವವರು ಲಸಿಕೆ ಹಾಕಿಸುವುದಿಲ್ಲ ಎಂದು ದೂರುವವರು ಆ ಸೀಸೆಯ ಗಾತ್ರವನ್ನೂ ಒಮ್ಮೆ ನೋಡಬೇಕು.

ಆಮೇಲಿನದು ನಮ್ಮ ಹಳೆಯ ಕತೆಯಲ್ಲಿ ಇಲ್ಲದ್ದು. ಈ ಮರಿಗಳು ಬೆಳೆದ ರೀತಿ. ಬಂದಾಗ ನಲವತ್ತು ಗ್ರಾಮಿನ ಆಸುಪಾಸು, ಮೂರು ವಾರಕ್ಕೆ ಎರಡು ಕೈಗೆ ಭಾರ. ಬ್ರಾಯ್ಲರ್ ತಳಿಯನ್ನು ಮಾಡಿರುವುದೇ ಐದಾರು ವಾರದಲ್ಲಿ ಎರಡು ಕಿಲೋ ಆಗಲೆಂದು. ಪೇಟೆ ಸ್ವಲ್ಪ ತೆರೆದ ಮೇಲೆ ಫೀಡು ಸಿಕ್ಕಿತು. ತಟ್ಟೆಯ ಮುಂದೆಯೇ ಕೂತು ತಿನ್ನುತ್ತಿದ್ದವು, ತಿಂದಲ್ಲೇ ಮಲಗುತ್ತಿದ್ದವು. ಅಂಗಳಕ್ಕೆ ಬಿಟ್ಟರೆ ನುಗ್ಗೆ ಮರದ ಬುಡದವರೆಗೆ ನಡೆದು ಕೂತುಬಿಡುತ್ತಿದ್ದವು. ಅಮ್ಮ ಒಂದು ಗೆದ್ದಲುಗೂಡಿನ ತುಂಡು ಹಾಕಿ ನೋಡಿದಳು. ಕೆದಕಲಿಲ್ಲ. ಹದ್ದಿನ ನೆರಳು ಹಾದಾಗ ಒಂದೂ ತಲೆಯೆತ್ತಲಿಲ್ಲ. ಆ ಸ್ವರವನ್ನು ಅವಕ್ಕೆ ಹೇಳಿಕೊಡುವವರು ಯಾರೂ ಇರಲಿಲ್ಲ. ನಾನು ಆ ಸ್ವರ ಹೊರಡಿಸಲು ಯತ್ನಿಸಿದ್ದೂ ಉಂಟು, ಗೋಡೌನಿನ ಹುಡುಗರು ಇಣುಕಿ ನೋಡಿದ ಮೇಲೆ ಬಿಟ್ಟೆ. ಕೊನೆಗೆ ಕೋಲು ಹಿಡಿದು ಅಂಗಳದಲ್ಲಿ ಕುರ್ಚಿ ಹಾಕಿ ಕೂತೆ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಸೆಕೆಗೆ ಒಂದು ಹೋಯಿತು. ಮೊದಲನೆಯದು ಚಳಿಗೆ, ಕೊನೆಯದು ಸೆಕೆಗೆ. ಎಂಟು ಉಳಿದವು.

ನಲವತ್ತೈದನೆಯ ದಿನದ ಹೊತ್ತಿಗೆ ಕೋಳಿಯ ರೇಟು ಮತ್ತೆ ಏರಿತ್ತು. ಮಾರ್ಚಿನಲ್ಲಿ ಬಿಟ್ಟಿ ಹಂಚಿದವರು ಈಗ ಸಿಗುವುದಿಲ್ಲ ಎನ್ನುತ್ತಿದ್ದರು. ಎರಡು ಕೋಳಿಗಳಿಗೆ ಕಾಲು ಮೈಯನ್ನು ಹೊರುತ್ತಿರಲಿಲ್ಲ, ಎದೆಯೂರಿ ತೆವಳುತ್ತಿದ್ದವು. ಇಟ್ಟುಕೊಂಡರೆ ಏನಾದೀತು ಎಂದು ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇನ್ನು ಇಟ್ಟರೆ ಅವಕ್ಕೇ ಕಷ್ಟ" ಎಂದಳು. ರಂಜಾನ್ ನಡೆಯುತ್ತಿತ್ತು. ಎದುರಿನ ಹಮಾಲಿಯೇ ಸಂಜೆಯ ಮೊದಲು ಬಂದು ಬಾವಿಕಟ್ಟೆಯ ಪಕ್ಕ ಎಂಟನ್ನೂ ಕೊಯ್ದು ಕೊಟ್ಟರು. ನಾಲ್ಕು ಅವರಿಗೂ ಪಕ್ಕದವರಿಗೂ, ನಾಲ್ಕು ನಮಗೆ. ಹೆಸರು ಇಟ್ಟಿರಲಿಲ್ಲ, ಹಾಗಾಗಿ ಅಷ್ಟು ಕಷ್ಟವಾಗಲಿಲ್ಲ. ಮಗಳು ಫೋನಿನಲ್ಲಿ ಎರಡು ದಿನ ಮಾತಾಡಲಿಲ್ಲ.

ಅಮ್ಮ ರೊಟ್ಟಿಯ ಮೇಲೆ ಸಾರು ಸುರಿದುಕೊಂಡು ಒಂದು ತುಂಡು ಬಾಯಿಗಿಟ್ಟು, ಹತ್ತಿ ಜಗಿದ ಹಾಗೆ ಉಂಟು ಎಂದಳು. ಮತ್ತೆರಡು ತುಂಡು ಹಾಕಿಸಿಕೊಂಡಳು. ಊಟದ ನಡುವೆ ಲೆಕ್ಕ ಮಾಡಿದಳು. "ಹದಿಮೂರರಲ್ಲಿ ಎಂಟು. ನನ್ನ ಯಾವ ಹೆಂಟೆಯೂ ಅಷ್ಟು ಉಳಿಸಲಿಲ್ಲ."

"ಬಲ್ಬು ಉಳಿಸಿದ್ದು" ಎಂದೆ.

"ಬಲ್ಬಿಗೆ ಮೊಟ್ಟೆ ಇಡಲು ಬರುತ್ತದಾ?" ಎಂದು ಕೈ ತೊಳೆಯಲು ಎದ್ದಳು.

ಮರುವಾರ ನೀರುಳ್ಳಿ ವ್ಯಾಪಾರಿ ಗೋಡೌನು ತೆರೆದರು. ಮೊದಲ ದಿನವೇ ಹುಡುಗನನ್ನು ಕಳಿಸಿದರು. ಟ್ರಂಕಿನ ಒಳಗಿನ ಉಮಿಯನ್ನು ನುಗ್ಗೆ ಮರದ ಬುಡಕ್ಕೆ ಸುರಿದು, ಬಲ್ಬನ್ನು ಒರೆಸಿ ಅವನ ಕೈಗೆ ಕೊಟ್ಟೆ. ಸಂಜೆ ನೋಡಿದರೆ ಸಂಡಾಸಿನಲ್ಲಿ ಉರಿಯುತ್ತಿತ್ತು.